ಪೌಡರ್ ಡಬ್ಬಿ ಖಾಲಿಯಾದ ಬಗೆ

ಸವೆದು ಎಲೆಯಷ್ಟು ತೆಳ್ಳಗಾದ ಸಾಬೂನಿನ ಚೂರನ್ನು ಹೊಸ ಸಾಬೂನಿನ ಬೆನ್ನಿಗೆ ಅಂಟಿಸುವುದು ಒಂದು ವಿದ್ಯೆ. ಎರಡನ್ನೂ ಹದವಾಗಿ ನೆನೆಸಬೇಕು, ಒತ್ತಿ ಹಿಡಿದು ನೂರರವರೆಗೆ ಎಣಿಸಬೇಕು, ಆಮೇಲೆ ಒಂದು ದಿನ ಆ ಜೋಡಿಗೆ ಕೆಲಸದಿಂದ ರಜೆ ಕೊಡಬೇಕು. ಅವಸರ ಮಾಡಿದರೆ ಮರುದಿನ ಕಣ್ಣು ಮುಚ್ಚಿ ಮುಖ ಉಜ್ಜುವ ಹೊತ್ತಿಗೆ ಚೂರು ಕಳಚಿಕೊಂಡು ಮೋರಿಯ ಹಾದಿ ಹಿಡಿಯುತ್ತದೆ, ಮತ್ತು ಎಪ್ಪತ್ನಾಲ್ಕು ವಯಸ್ಸಿನ ಮನುಷ್ಯನೊಬ್ಬ ಕಣ್ಣಲ್ಲಿ ನೊರೆ ತುಂಬಿಕೊಂಡು ಬಚ್ಚಲ ನೆಲವನ್ನು ತಡವರಿಸುವ ದೃಶ್ಯ ಯಾರಿಗೂ ಶೋಭೆಯಲ್ಲ. ಈ ವಿದ್ಯೆಯಲ್ಲಿ ಔರಾದ ಶಹಾಜನಿಯ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರಿಲ್ಲ.

ಸಾಬೂನು ಮೊದಲ ಪಾಠ ಅಷ್ಟೇ. ಅಗ್ಗದಲ್ಲಿ ಅಂದವಾಗಿರುವ ಶಾಸ್ತ್ರದ ಉಳಿದ ಅಧ್ಯಾಯಗಳೂ ನನಗೆ ಬಾಯಿಪಾಠ. ದಾಡಿ ಮಾಡಿಕೊಂಡ ಮೇಲೆ ಪಟಿಕದ ಹರಳನ್ನು ನೀರಲ್ಲಿ ಅದ್ದಿ ಗಲ್ಲಕ್ಕೆ ಉಜ್ಜುತ್ತೇನೆ. ಒಂದೇ ಹರಳು ಆರು ವರ್ಷದಿಂದ ನಡೆದಿದೆ, ನಾನು ಮೊದಲೋ ಅದು ಮೊದಲೋ ಎಂಬ ಪಂದ್ಯ ನಮ್ಮಿಬ್ಬರ ನಡುವೆ ಇದೆ. ಚಳಿಗಾಲಕ್ಕೆ ಕೊಬ್ಬರಿ ಎಣ್ಣೆ, ಹಿಮ್ಮಡಿಗೆ ಮೇಣ. ಮೀಸೆಗೆ ಹದಿನೈದು ದಿನಕ್ಕೊಮ್ಮೆ, ಹಲ್ಲುಜ್ಜಲು ನಾಲಾಯಕ್ಕಾದ ಹಳೆಯ ಬ್ರಶ್ಶಿನಿಂದ, ಕಪ್ಪು ಬಣ್ಣ. ಇದನ್ನು ಹಚ್ಚಿಕೊಳ್ಳುವಾಗ ಕೈ ಸ್ವಲ್ಪ ನಡುಗುವುದರಿಂದ ಬಣ್ಣ ಒಮ್ಮೊಮ್ಮೆ ಮೀಸೆಯ ಸರಹದ್ದು ದಾಟುತ್ತದೆ. ಗಡಿನಾಡಿನವನಿಗೆ ಇದು ದೊಡ್ಡ ಅಪರಾಧವೇನಲ್ಲ. ಆದರೂ ನನ್ನ ಸೊಸೆ ಸುನಂದಾ ಬಿಡುವುದಿಲ್ಲ. "ಮಾಮಾ, ಈ ಸರ್ತಿ ತುಟಿಗೂ ಮೀಸಿ ಬಂದಾವ ನೋಡ್ರಿ" ಎನ್ನುತ್ತಾಳೆ.

ಅವಳಿಗೆ ಹೀಗೆ ಹೇಳುವ ಅಧಿಕಾರವಿದೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ತಿರುಗುವ ಕುರ್ಚಿ, ಒಂದು ದೊಡ್ಡ ಕನ್ನಡಿ, ಒಂದು ಪರದೆ ಇಟ್ಟುಕೊಂಡು ಅವಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮಾಕಣಿಯಿಂದ ಸೊಸೆಯಾಗಿ ಬಂದಾಗ ಅವಳಿಗೆ ಮರಾಠಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ; ಗಿರಾಕಿಗಳ ಹುಬ್ಬು ತೀಡುತ್ತ ತೀಡುತ್ತ ಕನ್ನಡ ಕಲಿತಳು. ಅಲ್ಲಿಗೆ ಬರುವವರಾರೂ ಸಿರಿವಂತರಲ್ಲ. ಶಾಲೆಯ ಅಡುಗೆಯವಳು ಬರುತ್ತಾಳೆ, ಸಂತೆಯಲ್ಲಿ ಬಳೆ ಮಾರುವವಳು ಬರುತ್ತಾಳೆ, ಸೋಯಾಬೀನ್ ರಾಶಿ ಮುಗಿದ ವಾರದಲ್ಲಿ ಹೊಲದ ಹೆಂಗಸರು ಗುಂಪಾಗಿ ಬರುತ್ತಾರೆ. ಸುನಂದಾಳ ಔಷಧಶಾಲೆಯೂ ಅವರಂತೆಯೇ ಸರಳ: ಕಡಲೆಹಿಟ್ಟು, ಅರಿಶಿನ, ಮೊಸರು, ಟೊಮೆಟೊ ಹೋಳು. ಮೊಸರನ್ನು ಮನೆಯಿಂದಲೇ ತಂದವರಿಗೆ ರಿಯಾಯಿತಿ ಉಂಟು. ನಾನು ಹೊರಗಿನ ಕಟ್ಟೆಯ ಮೇಲೆ ಪೇಪರು ಹಿಡಿದು ಕುಳಿತಿರುತ್ತೇನೆ. ಹಾಗೆ ಕುಳಿತವನಿಗೆ ಪೇಪರಿನ ಸುದ್ದಿಗಿಂತ ಪರದೆಯ ಹಿಂದಿನ ಸುದ್ದಿಯೇ ಹೆಚ್ಚು ಕಿವಿಗೆ ಬೀಳುತ್ತದೆ ಎಂಬುದನ್ನು ಓದುಗರು ಕ್ಷಮಿಸಬೇಕು. ಕ್ಷಮೆ ಕೇಳುವ ವಿಷಯ ಇದೊಂದೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಲೇ ಇರಲಿಲ್ಲ.

ಹೋದ ಶ್ರಾವಣದ ಒಂದು ಮಧ್ಯಾಹ್ನ ಗಿರಾಕಿಗಳು ಯಾರೂ ಇರಲಿಲ್ಲ. ಬಟ್ಟಲಲ್ಲಿ ಕಲಸಿದ ಕಡಲೆಹಿಟ್ಟು ಉಳಿದಿತ್ತು. ಸುನಂದಾ ತನ್ನ ಅತ್ತೆಯನ್ನು, ಎಂದರೆ ನನ್ನ ಹೆಂಡತಿ ಕಾಶೀಬಾಯಿಯನ್ನು, ಕುರ್ಚಿಯ ಮೇಲೆ ಕೂಡಿಸಲು ನೋಡಿದಳು.

"ಅತ್ಯಾ, ಸುಮ್ಮ ಕೂಡ್ರಿ. ಹಿಟ್ಟು ಕೆಟ್ಟ ಹೋಗ್ತದ. ನಿಮಗ ಹಚ್ಚತೀನಿ."

"ಕೆಟ್ಟ ಹೋಗೂದಾದ್ರ ಭಜಿ ಮಾಡು. ಮಾವನೋರು ತಿಂತಾರ."

"ಅದರಾಗ ಗುಲಾಬ್ ನೀರ ಹಾಕೀನ್ರೀ!"

"ಹಾಕಿದ್ರೇನಾತು, ಒಳಗಿಂದನೂ ಛಂದ ಆಗಲಿ ಅವರು."

ಇಬ್ಬರೂ ನಕ್ಕರು. ಕಟ್ಟೆಯ ಮೇಲೆ ನಾನೂ ನಕ್ಕೆ. ಸೊಸೆ ಮತ್ತೆ ಒತ್ತಾಯ ಮಾಡಿರಬೇಕು, ಕುರ್ಚಿ ಕಿರ್ರೆಂದಿತು. ಆಗ ನನ್ನ ಹೆಂಡತಿ, ನಗುವ ದನಿಯಲ್ಲೇ, ಹೇಳಿದಳು: "ಬ್ಯಾಡವಾ ತಂಗಿ. ನನ್ನ ಮಾರಿಗಿ ಏನ್ ಹಚ್ಚಿದ್ರೂ ಅದು ಕತಿ ಆಗ್ತದ."

ನಾನು ಪೇಪರು ಮಡಚಿ ಇಟ್ಟೆ. ಓದುತ್ತಿದ್ದ ಸುದ್ದಿ ಯಾವುದೆಂದು ಇವತ್ತಿಗೂ ನೆನಪಿಲ್ಲ.

ಆ ಕತೆ ಏನೆಂದು ಈಗ ಹೇಳುತ್ತೇನೆ. ಮೊದಲು ಸುಮಾರು ಐವತ್ತು ವರ್ಷ ಹೇಗೆ ಹೇಳುತ್ತ ಬಂದೆನೋ ಹಾಗೆಯೇ ಹೇಳುತ್ತೇನೆ, ಏಕೆಂದರೆ ನನ್ನ ತಪ್ಪು ಇರುವುದು ಅದನ್ನು ಹೇಳುವ ಬಗೆಯಲ್ಲೇ.

ನಮ್ಮದು ವಲಾಂಡಿಯ ಹತ್ತಿರದ ಒಕ್ಕಲುತನದ ಮನೆ. ಮಕ್ಕಳ ಶಾಲೆಗಾಗಿ ಔರಾದಕ್ಕೆ ಬಂದದ್ದು ಆಮೇಲಿನ ಮಾತು. ಬೆಳಗಾಗೆದ್ದು ಮೈ ತೊಳೆದು, ಲಿಂಗಪೂಜೆ ಮಾಡಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯದೆ ಬಾಯಿಗೆ ನೀರು ಹಾಕದ ಮನೆತನ. ಜಗುಲಿಯ ಮೇಲೆ ವಿಭೂತಿಯ ಗಟ್ಟಿಗಳು ಯಾವಾಗಲೂ ಇರುತ್ತಿದ್ದವು. ಕಾಶೀಬಾಯಿ ಭಾಲ್ಕಿ ಕಡೆಯ ಹಳ್ಳಿಯಿಂದ ಬಂದವಳು. ನಮ್ಮ ಮದುವೆಯಾದ ಎರಡನೇ ವರ್ಷ ನನ್ನ ತಮ್ಮ ಗುರಪ್ಪನ ಮದುವೆ ನಿಲಂಗಾದಲ್ಲಿ ನಡೆಯಿತು. ಬೇಸಿಗೆಯ ನಡುಮಧ್ಯ. ಹೊರಡುವ ಬೆಳಿಗ್ಗೆ ಮನೆಯಲ್ಲಿ ಪೌಡರ್ ಇರಲಿಲ್ಲ. ಇವಳು ಏನು ಮಾಡಿದಳು? ಜಗುಲಿಯ ಮೇಲಿನ ವಿಭೂತಿ ಗಟ್ಟಿಯನ್ನು ತಾಟಿನಲ್ಲಿ ಅರೆದು, ಅರಿವೆಯಲ್ಲಿ ಸೋಸಿ, ಮುಖಕ್ಕೆಲ್ಲ ಹಚ್ಚಿಕೊಂಡು ಮದುವೆಗೆ ಬಂದಳು! ಬಸ್ಸಿನಲ್ಲಿ ಏನೂ ತಿಳಿಯಲಿಲ್ಲ. ಹಂದರದ ಸೆಕೆಗೆ ಬೆವರು ಹರಿಯತೊಡಗಿದ ಮೇಲೆ ವಿಭೂತಿ ನೆನೆಯಿತು, ಗಾಳಿಗೆ ಒಣಗಿತು, ಬಿರಿಯಿತು. ಏನು ಹಚ್ಚಿಕೊಂಡೆ ಎಂದು ಬೀಗರ ಮುದುಕಿಯೊಬ್ಬಳು ಕೇಳಿದಾಗ ಇವಳು ಮೆಲ್ಲಗೆ "ಈಬತ್ತಿ" ಎಂದದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ನಾನು ಎದ್ದು ನಿಂತು, ಕೈ ಜೋಡಿಸಿ, ಹಂದರಕ್ಕೆಲ್ಲ ಕೇಳುವಂತೆ ಸಾರಿದೆ: "ಬರ್ರಿ ಬರ್ರಿ, ಮಠದಿಂದ ಅಯ್ಯನೋರು ಬಂದಾರ! ಮೈತುಂಬ ಈಬತ್ತಿ ಧರಿಸ್ಯಾರ! ಪಾದಕ್ಕ ಬೀಳ್ರಿ!"

ಬಿದ್ದರು. ನಮ್ಮಲ್ಲಿ ಅಯ್ಯನವರು ಬಂದರೆ ಪಾದ ಹಿಡಿಯುವುದು ರೂಢಿ, ಆ ರೂಢಿಯ ಅಣಕವಾಗಿ ವರಸೆಯ ಹುಡುಗರು, ಹೆಂಗಸರು, ಕೊನೆಗೆ ಬಾಸಿಂಗ ಕಟ್ಟಿದ್ದ ಗುರಪ್ಪನೂ ಎದ್ದು ಬಂದು ಅವಳ ಕಾಲು ಮುಟ್ಟಿ ಹೋದರು. ಅವತ್ತಿನಿಂದ ಅವಳಿಗೆ ನಮ್ಮ ಬಳಗದಲ್ಲಿ "ಈಬತ್ತಿ ವೈನಿ", ಎಂದರೆ ವಿಭೂತಿ ಅತ್ತಿಗೆ ಎಂದೇ ಹೆಸರಾಯಿತು.

ಇದು ಕತೆ. ನಾನು ಮೆಟ್ರಿಕ್‌ವರೆಗೆ ಮಾತ್ರ ಓದಿದವನು, ಅದೂ ಸೋದರಮಾವನ ಊರಿನ ಕನ್ನಡ ಶಾಲೆಯಲ್ಲಿ. ಆದರೆ ಕತೆ ಹೇಳುವ ಕಲೆಗೆ ಓದು ಬೇಕಿಲ್ಲ, ಎದುರಿಗೆ ನಗುವವರಿದ್ದರೆ ಸಾಕು. ಬಸುರಿಯರ ಕುಬಸದಲ್ಲಿ ಹೇಳಿದೆ, ನಿಶ್ಚಯದಲ್ಲಿ ಹೇಳಿದೆ, ಉಮರ್ಗಾದ ಬೀಗರ ಮನೆಯಲ್ಲಿ ಮರಾಠಿಯಲ್ಲಿ ಹೇಳಿದೆ, ಭಾಲ್ಕಿಯಲ್ಲಿ ಅವಳ ತವರಿನವರ ಮುಂದೆಯೇ ಕನ್ನಡದಲ್ಲಿ ಹೇಳಿದೆ. ವರ್ಷದಿಂದ ವರ್ಷಕ್ಕೆ ಕತೆ ಮೈ ತುಂಬಿಕೊಂಡಿತು. ಒಂದು ಗಟ್ಟಿ ವಿಭೂತಿ ಎರಡಾಯಿತು. ಪಾದಕ್ಕೆ ಬಿದ್ದವರಲ್ಲಿ ಒಬ್ಬ ಫೌಜದಾರನೂ ಸೇರಿಕೊಂಡ. ಅವಳು ಕುಳಿತಲ್ಲೇ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳೇ ನಗುತ್ತಾಳೆ ಎಂದ ಮೇಲೆ ಇನ್ನೇನು?

ಆ ಮದುವೆಯ ನಂತರ ಅವಳು ಮುಖಕ್ಕೆ ಏನನ್ನೂ ಹಚ್ಚಲಿಲ್ಲ. ನಾನು ಮರುತಿಂಗಳೇ ನಿಲಂಗಾದಿಂದ ಪೌಡರ್ ಡಬ್ಬಿ ತಂದುಕೊಟ್ಟಿದ್ದೆ. ಅದು ಗೋಡೆಯ ಮಾಡದಲ್ಲಿ ಹಾಗೆಯೇ ಕುಳಿತಿತ್ತು, ಮಗ ಹುಟ್ಟಿದ ಮೇಲೆ ಅವನ ಕಂಕುಳಿಗೂ ಕುತ್ತಿಗೆಗೂ ಖರ್ಚಾಯಿತು. ಆಮೇಲೆ ಬಂದ ಡಬ್ಬಿಗಳ ಗತಿಯೂ ಅದೇ. ಸೀಗೆಕಾಯಿ ಕುಟ್ಟಿ ಮಕ್ಕಳ ತಲೆ ತಿಕ್ಕಿದಳು, ನೆರೆಮನೆಯ ಮದುಮಗಳಿಗೆ ಅರಿಶಿನ ಅರೆದುಕೊಟ್ಟಳು, ನನ್ನ ಒಡೆದ ಹಿಮ್ಮಡಿಗೆ ಮೇಣ ಕಾಸಿದಳು. ತನ್ನ ಮುಖಕ್ಕೆ ಮಾತ್ರ ಬರೀ ತಣ್ಣೀರು, ಸೆರಗಿನ ತುದಿ. ನಾನೋ, ನಮ್ಮಾಕೆಗೆ ಸಿಂಗಾರದ ಹುಚ್ಚಿಲ್ಲ, ಬಡವರ ಮನೆಗೆ ತಕ್ಕ ಹೆಣ್ಣು ಎಂದು ನಾಲ್ಕು ಜನರ ಮುಂದೆ ಅವಳನ್ನು ಹೊಗಳುತ್ತಿದ್ದೆ. ಹೊಗಳುವಾಗ ನನ್ನ ಮೀಸೆಗೆ ಬಣ್ಣವಿರುತ್ತಿತ್ತು.

ಶ್ರಾವಣದ ಆ ಮಾತು ಕಿವಿಗೆ ಬಿದ್ದ ಕೆಲವೇ ದಿನಗಳಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ನಮ್ಮ ಮದುವೆಗೆ ಐವತ್ತು ವರ್ಷ ತುಂಬಿತೆಂದು ನಮ್ಮಿಬ್ಬರ ಫೋಟೋ ಒಂದನ್ನು ದೊಡ್ಡದು ಮಾಡಿಸಿ ಪಾರ್ಲರಿನ ಕನ್ನಡಿಯ ಮೇಲೆ ಹಾಕಬೇಕೆಂದು ಸುನಂದಾ ಮನೆಯ ಆಲ್ಬಂಗಳನ್ನೆಲ್ಲ ತೆಗೆದು ಕುಳಿತಳು. ಮಗನ ಜವಳ, ಅವನ ಮದುವೆ, ಮನೆಶಾಂತಿ, ಯಾತ್ರೆ. ಸಂಜೆಯವರೆಗೆ ಹುಡುಕಿ ನನ್ನ ಬಳಿ ಬಂದಳು.

"ಮಾಮಾ, ಎಲ್ಲಾ ಫೋಟೋದಾಗ ನೀವು ಎದಿ ಉಬ್ಬಿಸಿ ನಿಂತೀರಿ. ಅತ್ಯಾಂದು ಒಂದರಾಗೂ ಮಾರಿ ಕಾಣಂಗಿಲ್ಲ. ಒಂದರಾಗ ಸೆರಗ ಅದ, ಒಂದರಾಗ ಆಚೀಕಡಿ ನೋಡ್ಯಾರ, ಇದರಾಗಂತೂ ಕೂಸಿನ ಹಿಂದ ಅಡಗ್ಯಾರ. ಯಾಕ್ರೀ?"

"ಹಳೇ ಕಾಲದವರು. ಹಂಗೇ ರೂಢಿ" ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಅವಳು ಆಲ್ಬಂಗಳನ್ನು ಅಲ್ಲೇ ಬಿಟ್ಟು ಹೋದಳು. ನಾನು ಒಬ್ಬನೇ ಒಂದೊಂದಾಗಿ ತಿರುವಿ ಹಾಕಿದೆ. ಬಾಳಿನ ಅರ್ಧ ಶತಮಾನ ಪಕ್ಕದಲ್ಲೇ ನಿಂತವಳು ಯಾವ ಪುಟದಲ್ಲೂ ನನಗೆ ಸಿಗಲಿಲ್ಲ. ನನ್ನ ಗುರುತಿಲ್ಲದ ಯಾರೋ ಬಂದು ಆಲ್ಬಂ ನೋಡಿದರೆ ಈ ಮನುಷ್ಯ ಒಂದು ಸೀರೆಯನ್ನು ಮದುವೆಯಾಗಿದ್ದಾನೆ ಎಂದುಕೊಂಡಾರು.

ಈಗ, ಓದುಗ ಮಿತ್ರರೇ, ಕತೆಯಲ್ಲಿ ನಾನು ಬಿಟ್ಟ ಭಾಗ. "ಮನೆಯಲ್ಲಿ ಪೌಡರ್ ಇರಲಿಲ್ಲ" ಎಂದು ಮೇಲೆ ಬರೆದಿದ್ದೇನೆ. ಬಾವಿಯಲ್ಲಿ ನೀರಿರಲಿಲ್ಲ, ಆಕಾಶದಲ್ಲಿ ಮೋಡವಿರಲಿಲ್ಲ ಎಂಬಂತೆ, ಯಾರ ಕೈವಾಡವೂ ಇಲ್ಲದ ಸಂಗತಿಯಂತೆ. ನಿಜವಾಗಿ ಪೌಡರ್ ಇತ್ತು. ಮದುವೆಯಾದ ಹೊಸದರಲ್ಲಿ ಉದಗೀರದಿಂದ ತಂದದ್ದು, ಮುಚ್ಚಳ ತಿರುಗಿಸಿದರೆ ತೂತು ತೆರೆಯುವ ದುಂಡನೆಯ ಡಬ್ಬಿ. ಅವಳು ಅದನ್ನು ವರ್ಷಕ್ಕೂ ಮಿಕ್ಕಿ ಹಬ್ಬಕ್ಕಿಷ್ಟು ಮದುವೆಗಿಷ್ಟು ಎಂದು ಉಳಿಸಿ ಉಳಿಸಿ ಹಚ್ಚುತ್ತಿದ್ದಳು. ಗುರಪ್ಪನ ಮದುವೆಯ ಬೆಳಿಗ್ಗೆ, ಅವಳು ಬುತ್ತಿ ಕಟ್ಟುತ್ತಿದ್ದಾಗ, ನಾನು ಕನ್ನಡಿಯ ಮುಂದೆ ನಿಂತು, ಮುಖಕ್ಕೆ, ಕುತ್ತಿಗೆಗೆ, ಎದೆಗೆ, ಅಂಗಿಯ ಒಳಗೆ ಬೆನ್ನಿಗೆ, ಡಬ್ಬಿಯ ತಳವನ್ನು ಅಂಗೈಗೆ ಬಡಿಬಡಿದು ಕೊನೆಯ ಕಣದವರೆಗೂ ಸುರುವಿಕೊಂಡೆ. ವರನ ಅಣ್ಣನಲ್ಲವೇ, ಹೆಣ್ಣಿನ ಕಡೆಯವರ ಮುಂದೆ ಘಮಘಮಿಸಬೇಡವೇ? ಆಮೇಲೆ ಮುಚ್ಚಳ ತಿರುಗಿಸಿ, ತೂತು ಮುಚ್ಚಿ, ಡಬ್ಬಿಯನ್ನು ಅದು ಇದ್ದ ಜಾಗದಲ್ಲೇ ಇದ್ದಂತೆಯೇ ಇಟ್ಟೆ.

ನನ್ನನ್ನು ಕಾಡುವುದು ಸುರುವಿಕೊಂಡದ್ದಲ್ಲ, ಆ ಮುಚ್ಚಳ. ಹುಡುಗುತನದ ಠೀವಿಯನ್ನು ಯಾರಾದರೂ ಕ್ಷಮಿಸಬಹುದು. ಖಾಲಿ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ ಇಡುವವನಿಗೆ ತಾನು ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿರುತ್ತದೆ.

ಈ ಭಾಗವನ್ನು ಎಲ್ಲರ ಮುಂದೆ ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ. ಅವಳೊಬ್ಬಳಿಗೆ ಹೇಳಿದರೆ ಸಾಲದು. ಅವಮಾನ ಹಂದರದಲ್ಲಿ ಮಾಡಿ ಕ್ಷಮೆಯನ್ನು ಅಡುಗೆಮನೆಯಲ್ಲಿ ಕೇಳುವುದು ನ್ಯಾಯವಲ್ಲ. ಸಂದರ್ಭವೂ ಒದಗಿಬಂತು. ಉದಗೀರದಲ್ಲಿ ನೆಲೆಸಿರುವ ಗುರಪ್ಪನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬಳಗವೆಲ್ಲ ಸೇರಿತು. ಫೋಟೋದವನೂ ಬರುತ್ತಾನೆ, ನಿಮ್ಮಿಬ್ಬರದೂ ಅಲ್ಲೇ ತೆಗೆಸುತ್ತೇನೆ ಎಂದು ಸುನಂದಾ ಮೊದಲೇ ಹೇಳಿದ್ದಳು. ಅತ್ತೆ ಸೆರಗನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡಿದ್ದಳು.

ಊಟ ಮುಗಿದು ಎಲೆಅಡಿಕೆ ನಡೆದಿತ್ತು. ಗುರಪ್ಪ ನನ್ನ ತೊಡೆಗೆ ಬಡಿದ.

"ಅಣ್ಣಾ, ನಮ್ಮ ಹೊಸಾ ಬೀಗರು ಈಬತ್ತಿ ವೈನಿ ಕತಿ ಕೇಳಿಲ್ಲ. ಹೇಳು. ವೈನಿ ಎದರಿಗೇ ಹೇಳಿದ್ರ ಅದಕ ಮಜಾ."

ಶುರು ಮಾಡಿದೆ. ಇಷ್ಟು ವರ್ಷ ಉಜ್ಜಿದ ಹಾದಿ, ನಾಲಿಗೆ ತಾನಾಗಿಯೇ ನಡೆಯಿತು. ಬೇಸಿಗೆ ಬಂತು, ಕೆಂಪು ಬಸ್ಸು ಬಂತು, ಬೀಗರು ಆಗಲೇ ಮುಗುಳ್ನಗತೊಡಗಿದ್ದರು. "ಹೊಂಡೂ ಹೊತ್ತಿಗಿ ಮನ್ಯಾಗ ಪೌಡರ್ ಇರಲಿಲ್ಲ" ಎಂದವನು ಅಲ್ಲಿ ನಿಂತೆ.

"ಇರಲಿಲ್ಲ ಅಂಬೂದು ಸುಳ್ಳ. ಇತ್ತು. ಎಲ್ಲಾ ನಾನೇ ಬಡಕೊಂಡಿದ್ದೆ. ಖಾಲಿ ಡಬ್ಬಿಗಿ ಮುಚ್ಚಳಾ ಹಾಕಿ ಇಟ್ಟಿದ್ದೆ."

ಏನಾಯಿತೆಂದುಕೊಂಡಿರಿ? ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುರಪ್ಪ ಚಪ್ಪಾಳೆ ತಟ್ಟಿ, "ವಾಹ್ ಅಣ್ಣಾ, ಇದು ಹೊಸಾದು! ಇಷ್ಟ ದಿನ ಎಲ್ಲಿ ಇಟ್ಟಿದ್ದಿ?" ಎಂದ. ಬೀಗರೊಬ್ಬರು ಕಣ್ಣೀರು ಒರೆಸಿಕೊಂಡರು, ನಗೆಯ ಕಣ್ಣೀರು. ನಾನು ಕೈ ಆಡಿಸಿ ಅಲ್ಲ, ಅಲ್ಲ ಎಂದೆ. ಕೈ ಆಡಿಸಿದ ಭಂಗಿಗೆ ಮತ್ತಷ್ಟು ನಕ್ಕರು. ಬಾಳಿನುದ್ದಕ್ಕೂ ನಗಿಸಿದವನ ತಪ್ಪೊಪ್ಪಿಗೆಯೂ ಅದೇ ನಗೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಕೇಳುವವರನ್ನು ಹಾಗೆ ಪಳಗಿಸಿದವನು ನಾನೇ.

ಗೋಡೆಯ ಕಡೆ ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಕಾಶೀಬಾಯಿ ಈ ಸಲ ಸೆರಗನ್ನು ಬಾಯಿಗೆ ಒತ್ತಿಕೊಂಡಿರಲಿಲ್ಲ.

"ಡಬ್ಬಿ ನೀವೇ ಖಾಲಿ ಮಾಡೀರಿ ಅಂಬೂದು ನನಗ ಅವತ್ತೇ ಗೊತ್ತಿತ್ತು" ಎಂದಳು. "ನಿಮ್ಮ ಅಂಗಿ ಕಾಲರ್ ಬೆಳ್ಳಗಿತ್ತು. ಬಸ್‌ನ್ಯಾಗ ನಾನೇ ಝಾಡಿಸೀನಿ."

ನಗೆ ಸಣ್ಣಗಾಯಿತು.

"ಖರೇ ಇನ್ನೊಂದು ಮಾತು ನೀವು ಬಿಟ್ಟೀರಿ. ಹೊಂಡೂ ಮುಂದ ಹೊಸ್ತಿಲದಾಗ ನಿಂತು ಕೇಳಿದ್ನಿ, ಹೆಂಗ ಕಾಣತೀನ್ರೀ ಅಂತ. ಛಂದ ಕಾಣತೀ ಅಂದ್ರಿ. ನಾ ನಿಮ್ಮ ಆ ಮಾತಿನ ಮ್ಯಾಲ ನಂಬಿಗಿ ಇಟ್ಟು ಹೊರಗ ಬಂದಿದ್ದೆ. ಇಲ್ಲಾಂದ್ರ ಮಾರಿ ತೊಳಕೊಂಡು ಬರತಿದ್ದೆ."

ತೊಟ್ಟಿಲಲ್ಲಿ ಕೂಸು ಕೊಸರಿತು, ಯಾರೋ ಹಗ್ಗ ಜಗ್ಗಿದರು. ಗುರಪ್ಪ ತಲೆ ಕೆಳಗೆ ಹಾಕಿ ಅಡಿಕೆ ಕತ್ತರಿಸತೊಡಗಿದ.

ನನಗೆ ಆ ಹೊಸ್ತಿಲು ನೆನಪಿಲ್ಲ. ಅಂದಿನಿಂದ ಇಂದಿನವರೆಗೂ ಹುಡುಕುತ್ತಿದ್ದೇನೆ. ಡಬ್ಬಿಯ ಸದ್ದು ನೆನಪಿದೆ, ಬಸ್ಸಿನ ಧೂಳು ನೆನಪಿದೆ, ನನ್ನ ಅಂಗಿಯ ಪಟ್ಟೆಗಳು ನೆನಪಿವೆ. ಅವಳು ಕೇಳಿದ್ದು, ನಾನು ಉತ್ತರ ಕೊಟ್ಟದ್ದು ನೆನಪಿಲ್ಲ. ನಾನು ಅವಳ ಕಡೆ ನೋಡಿ ಆ ಮಾತು ಹೇಳಿದ್ದರೆ, ವಿಭೂತಿ ಹಚ್ಚಿದ ಆ ಮುಖ ನಿಜಕ್ಕೂ ಚಂದವಾಗಿತ್ತು, ಅದನ್ನೇ ನಾನು ಹಂದರದಲ್ಲಿ ಹರಾಜು ಹಾಕಿದೆ. ನೋಡದೆಯೇ ಹೇಳಿದ್ದರೆ, ಕನ್ನಡಿಯಲ್ಲಿ ನನ್ನ ಕುತ್ತಿಗೆ ನೋಡಿಕೊಳ್ಳುತ್ತ ಬಾಯಿಗೆ ಬಂದದ್ದನ್ನು ಆಡಿದೆ. ಎರಡರಲ್ಲಿ ಯಾವುದು ಎಂದು ಅವಳನ್ನು ಕೇಳುವ ಧೈರ್ಯ ನನಗಿಲ್ಲ. ಮುಖಕ್ಕೆ ಪೌಡರ್ ಸಿಗದಿದ್ದರೆ ಹೆಣ್ಣುಮಗಳು ಏನನ್ನಾದರೂ ಅರೆದು ಹಚ್ಚಿಕೊಂಡಾಳು. ಒಂದು ಮಾತನ್ನು ನಂಬಿ ಹೊರಗೆ ಬಂದ ಮೇಲೆ ಆ ಮಾತೇ ಕೈಕೊಟ್ಟರೆ ಹಚ್ಚಿಕೊಳ್ಳಲು ಏನಿದೆ?

ನಾನು ಎದ್ದು ಹೋಗಿ ಅವಳ ಮುಂದೆ ನಿಂತೆ. "ತಪ್ಪಾತು" ಎಂದೆ. ಇನ್ನೂ ಏನೇನೋ ಹೇಳಬೇಕೆಂದು ವಾರದಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ, ಅದರಲ್ಲಿ ಇಷ್ಟೇ ಹೊರಗೆ ಬಂತು. ಅವಳು, "ಆತು, ಕೂಡ್ರಿ. ಮೊಣಕಾಲ ನೋಯ್ತಾವ ನಿಮ್ಮವು" ಎಂದಳು. ಅದು ಕ್ಷಮೆಯೋ, ಬರೀ ಮೊಣಕಾಲಿನ ಕಾಳಜಿಯೋ, ನನಗೆ ಈಗಲೂ ತಿಳಿದಿಲ್ಲ.

ಸ್ವಲ್ಪ ಹೊತ್ತಿಗೆ ಫೋಟೋದವನು ಅಂಗಳದಲ್ಲಿ ಎರಡು ಕುರ್ಚಿ ಹಾಕಿ ಕರೆದ. ಬರುವುದಿಲ್ಲ ಎಂದುಕೊಂಡಿದ್ದೆ, ಕಾಶೀಬಾಯಿ ಬಂದಳು. ನನ್ನ ಬಲಕ್ಕೆ ಕುಳಿತಳು. ಸುನಂದಾ ತನ್ನ ಚೀಲದಿಂದ ಸಣ್ಣ ಪೌಡರ್ ಡಬ್ಬಿ ತೆಗೆದು, "ಅತ್ಯಾ, ಹಚ್ಚಲೇನ್ರೀ, ಒಂದೀಟೇ?" ಎಂದು ಮೆಲ್ಲಗೆ ಕೇಳಿದಳು.

"ಬ್ಯಾಡವಾ. ಇದ್ದದ್ದು ಇದ್ದಂಗ ಇರಲಿ."

ಹೀಗೆಂದು ಅವಳು ಹಣೆಯ ಮೇಲಿದ್ದ ಸೆರಗನ್ನು ತಾನೇ ಹಿಂದಕ್ಕೆ ಸರಿಸಿದಳು. ಮೊದಲು ಕಂಡದ್ದು ಬಿಳಿ ಬೈತಲೆ, ಆಮೇಲೆ ಹಣೆ, ಹಣೆಯ ಮೇಲೆ ಬೆಳಗಿನ ವಿಭೂತಿಯ ಮೂರು ಗೆರೆ. ನೆರಿಗೆ ಬಿದ್ದ ಆ ಮುಖವನ್ನು ಬಿಸಿಲಿನಲ್ಲಿ ಅಷ್ಟು ಹತ್ತಿರದಿಂದ ನಾನು ಯಾವಾಗ ನೋಡಿದ್ದೆ? ನೋಡುತ್ತಿರುವಾಗಲೇ ಅವಳ ದನಿ ಕೇಳಿಸಿತು:

"ಹೆಂಗ ಕಾಣತೀನಿ?"

ಉತ್ತರ ನನ್ನ ತುಟಿಯವರೆಗೆ ಬಂದಿತ್ತು. ಈ ಸಲ ನೋಡಿದ್ದೆ, ಚೆನ್ನಾಗಿ ನೋಡಿದ್ದೆ. ಆದರೆ ಅವಳು ನನ್ನ ಕಡೆ ತಿರುಗಿರಲಿಲ್ಲ. ಕೇಳಿದ್ದು ಸುನಂದಾಳನ್ನು.

ಸುನಂದಾ ಬಗ್ಗಿ, ಅತ್ತೆಯ ಗದ್ದವನ್ನು ಎರಡು ಬೆರಳಿನಿಂದ ಎತ್ತಿ, ಬೆಳಕಿಗೆ ಆಚೆ ಈಚೆ ತಿರುಗಿಸಿ, ಹುಬ್ಬಿನ ಹತ್ತಿರ ಸಿಕ್ಕಿದ್ದ ಒಂದು ಕೂದಲನ್ನು ಸರಿಸಿ, ಸಾವಕಾಶವಾಗಿ ನೋಡಿದಳು. ನೋಡಿದ ಮೇಲೆ ಹೇಳಿದಳು: "ಛಂದ ಕಾಣತೀರಿ."